ಮಾರ್ಚ್ ತಿಂಗಳ ಟೆಕ್ಸಾಸ್ ಬಯಲಿನಲ್ಲಿ ಮೊನಾರ್ಕ್ ಚಿಟ್ಟೆಗಳನ್ನು ನೋಡುವುದು ಹೇಗೆ?

ಮೆಕ್ಸಿಕೋದ ಮಿಚೋಆಕಾನ್ ಪ್ರಾಂತದಲ್ಲಿ, ಸುಮಾರು 3,000 ಮೀಟರ್ ಎತ್ತರದ ಓಯಮೆಲ್ ಎಂಬ ಫರ್ ಜಾತಿಯ ಮರಗಳ ಕಾಡುಗಳಲ್ಲಿ ಚಳಿಗಾಲ ಕಳೆದ ಮೊನಾರ್ಕ್ ಚಿಟ್ಟೆಗಳು ಮಾರ್ಚ್‌ನಲ್ಲಿ ಉತ್ತರಕ್ಕೆ ಹೊರಟು ಟೆಕ್ಸಾಸ್‌ನ ಹುಲ್ಲುಗಾವಲುಗಳನ್ನು ತಲುಪುತ್ತವೆ. ಶರತ್ಕಾಲದಲ್ಲಿ ಗುಂಪುಗುಂಪಾಗಿ ದಕ್ಷಿಣಕ್ಕೆ ಹೋಗುವ ಇವು ವಸಂತದಲ್ಲಿ ಬಹುಮಟ್ಟಿಗೆ ಒಂಟಿಯಾಗಿಯೇ ಬರುತ್ತವೆ. ಆದ್ದರಿಂದ ಆಕಾಶ ನೋಡುತ್ತ ನಿಂತವರಿಗೆ ನಿರಾಶೆಯೇ ಹೆಚ್ಚು; ನೋಡಬೇಕಾದದ್ದು ನೆಲವನ್ನು.

ಮೊದಲು, ಮೊನಾರ್ಕ್ ಮೊಟ್ಟೆಯಿಡುವ ಮಿಲ್ಕ್‌ವೀಡ್ ಗಿಡವನ್ನು ಹುಡುಕಿಕೊಳ್ಳಿ. ಇದು ನಮ್ಮ ಎಕ್ಕದ ಬಂಧು. ಎಲೆ ಮುರಿದರೆ ಅದೇ ಬಿಳಿ ಹಾಲು. ಕೈಗೆ ಹತ್ತಿದರೆ ತೊಳೆದುಕೊಳ್ಳುವವರೆಗೆ ಕಣ್ಣು ಮುಟ್ಟಬಾರದು. ಹುಲ್ಲು ಕತ್ತರಿಸದ ರಸ್ತೆಯಂಚುಗಳಲ್ಲಿ, ದನ ಮೇಯುವ ಬಯಲುಗಳಲ್ಲಿ ಇದರ ಎಳೆಯ ಚಿಗುರುಗಳು ಸಿಗುತ್ತವೆ. ಅಲ್ಲಿನ ಭೂಮಿ ಬಹುಪಾಲು ಖಾಸಗಿಯಾದ್ದರಿಂದ ಬೇಲಿ ದಾಟುವ ಮುನ್ನ ಅನುಮತಿ ಕೇಳುವುದು ಕಡ್ಡಾಯ.

ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಹವೆಯಲ್ಲಿ ಮೊನಾರ್ಕ್‌ಗೆ ಹಾರುವುದು ಕಷ್ಟ. ಹಾಗಾಗಿ ಬಿಸಿಲೇರಿದ ಮೇಲೆ ಹೋಗಿ, ಗಿಡದಿಂದ ನಾಲ್ಕೈದು ಮೀಟರ್ ದೂರದಲ್ಲಿ ಅಲುಗಾಡದೆ ಕುಳಿತುಕೊಳ್ಳಿ. ಹೆಣ್ಣು ಚಿಟ್ಟೆ ಹುಲ್ಲಿನ ಮೇಲೆ ತಗ್ಗಿ ಹಾರುತ್ತ ಬಂದು, ಎಲೆಯನ್ನು ಕಾಲುಗಳಿಂದ ತಟ್ಟಿ ರುಚಿ ನೋಡಿ, ಹೊಟ್ಟೆಯ ತುದಿಯನ್ನು ಬಾಗಿಸಿ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಟ್ಟು ಮುಂದಿನ ಗಿಡಕ್ಕೆ ಸಾಗುತ್ತದೆ. ಆಗ ಅದರ ರೆಕ್ಕೆಯನ್ನು ಬೈನಾಕ್ಯುಲರ್‌ನಲ್ಲಿ ಗಮನಿಸಿ. ಬಣ್ಣ ಮಾಸಿ ಅಂಚು ಹರಿದಿದ್ದರೆ, ಅದು ಬಹುತೇಕ ಹಿಂದಿನ ಬೇಸಿಗೆಯ ಕೊನೆಯಲ್ಲಿ ದೂರದ ಉತ್ತರದಲ್ಲಿ ಹುಟ್ಟಿ, ಮೆಕ್ಸಿಕೋವರೆಗೆ ಹಾರಿ, ಈಗ ಮರಳುತ್ತಿರುವ ಅದೇ ಜೀವ. ಈ ವಿವರವನ್ನು ನೋಡದೆ ಬಂದರೆ ನೋಟ ಅಪೂರ್ಣವೆಂದೇ ನನ್ನ ಭಾವನೆ. ಹಿಂದಿನ ರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆಯಿದ್ದರೆ ಗಂಡು. ಅಲ್ಲಿಯದೇ ಆದ ಕ್ವೀನ್ ಚಿಟ್ಟೆ ನೋಡಲು ಇದನ್ನೇ ಹೋಲುತ್ತದೆಯಾದರೂ, ಅದರ ಬಣ್ಣ ಕಂದು, ರೆಕ್ಕೆಯ ಮೇಲ್ಮೈಯಲ್ಲಿ ದಪ್ಪ ಕಪ್ಪು ಗೆರೆಗಳಿರುವುದಿಲ್ಲ.

ಚಿಟ್ಟೆ ಹೋದ ಮೇಲೆ ಎಲೆಯನ್ನು ಮೆಲ್ಲಗೆ ಎತ್ತಿ ಅಡಿಭಾಗವನ್ನು ನೋಡಿ. ಗುಂಡುಸೂಜಿಯ ತಲೆಯಷ್ಟು ಗಾತ್ರದ, ಉದ್ದುದ್ದ ಏಣುಗಳಿರುವ ಕೆನೆಬಣ್ಣದ ಮೊಟ್ಟೆ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಕಿತ್ತು ತರಬೇಡಿ. ದಿನಾಂಕ, ಸ್ಥಳ, ಹವೆ, ಮೊಟ್ಟೆಗಳ ಸಂಖ್ಯೆಯನ್ನು ಬರೆದುಕೊಂಡು, ಬೇಕಿದ್ದರೆ ವಲಸೆಯ ದಾಖಲೆ ಕಲೆಹಾಕುವ ಜರ್ನಿ ನಾರ್ತ್ ಯೋಜನೆಗೆ ಕಳುಹಿಸಿ. ನಾಲ್ಕೈದು ದಿನಗಳ ನಂತರ ಅದೇ ಗಿಡದ ಬಳಿಗೆ ಮತ್ತೆ ಹೋಗಿ. ಬೆಂಕಿ ಇರುವೆಗಳ ಬಾಯಿಗೆ ಬೀಳದೆ ಉಳಿದಿದ್ದರೆ, ಅಲ್ಲಿ ಪುಟ್ಟ ಮರಿಹುಳು ಎಲೆ ಕೊರೆಯುತ್ತಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ಆ ಹುಳುವೇ ಚಿಟ್ಟೆಯಾಗಿ, ತಾಯಿ ನಿಲ್ಲಿಸಿದಲ್ಲಿಂದ ದಾರಿ ಮುಂದುವರಿಸಿ ಉತ್ತರಕ್ಕೆ ಹಾರುತ್ತದೆ.