ಕಾಟಾ ಚೀಟಿಯಿಂದ ಟ್ಯಾಲಿಗೆ: ಎಪಿಐ ಜೋಡಿಸಿದ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಕಾಟಾ ಚೀಟಿಗಳು ಈಗ ಯಾರೂ ಟೈಪ್ ಮಾಡದೆ, ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಖರೀದಿ ವೋಚರುಗಳಾಗುತ್ತಿವೆ. ಇದು ಆಗದ ಮಾತೆಂದು ಗಿರಣಿಯ ಲೆಕ್ಕಿಗರೂ ಗಂಗಾವತಿಯ ಇಬ್ಬರು ಸಹವೃತ್ತಿಯವರೂ ಹೇಳಿದ್ದರಿಂದಲೇ ಬರೆಯಲು ಕುಳಿತಿದ್ದೇನೆ.

ಮೊದಲು ಹಿಡಿದದ್ದು ತಪ್ಪು ದಾರಿ. ಕಾಟಾದ ಎಕ್ಸೆಲ್ ಕಡತವನ್ನು ಓದಿ, ಟ್ಯಾಲಿಯ ಪರದೆಯ ಮೇಲೆ ಕೀಲಿಗಳನ್ನು ತಾನೇ ಒತ್ತುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೆ. ನಡುವೆ ಒಂದು ಎಚ್ಚರಿಕೆಯ ಕಿಟಕಿ ತೆರೆದರೂ ಸಾಕು, ಮುಂದಿನ ಮೊತ್ತಗಳೆಲ್ಲ ತಪ್ಪು ಖಾನೆಗೆ ಬೀಳುತ್ತಿದ್ದವು. ಎರಡು ತಿಂಗಳ ದುಡಿಮೆಯ ಜೊತೆಗೆ ಸುಮಾರು 12,000 ರೂಪಾಯಿ ಕೈಯಿಂದ ಹೋಯಿತು.

ಸರಿ ದಾರಿ ಟ್ಯಾಲಿಯೊಳಗೇ ಇತ್ತು. ಬೇರೆ ಪ್ರೋಗ್ರಾಂಗಳ ಕೋರಿಕೆಗೆ ಉತ್ತರಿಸುವ ಸರ್ವರ್ ಆಗಿ ಹೊಂದಿಸಿದರೆ ಅದು, ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ (ಕಂಪ್ಯೂಟರಿನ ಸಂಖ್ಯೆ ಹಾಕಿದ ಬಾಗಿಲು), ವೆಬ್ ಪುಟಗಳು ಓಡಾಡುವ ಎಚ್‌ಟಿಟಿಪಿ ಮೂಲಕ, ಪ್ರತಿ ಮಾಹಿತಿಗೂ ಹೆಸರಿನ ಪಟ್ಟಿ ಹಚ್ಚಿದ ಎಕ್ಸ್‌ಎಂಎಲ್ ಎಂಬ ಪಠ್ಯರೂಪವನ್ನು ಸ್ವೀಕರಿಸುತ್ತದೆ. ಹೆಸರು, ತೂಕ, ದರಗಳನ್ನು ಹೇಳಿದ ರೂಪದಲ್ಲಿ ಕೊಟ್ಟರೆ ಲೆಕ್ಕ ಬರೆದುಕೊಂಡು ಉತ್ತರ ಕೊಡುತ್ತೇನೆಂಬ ಆ ಕರಾರೇ ಎಪಿಐ. ಪರದೆಯ ಮೇಲೆ ಏನು ತೆರೆದುಕೊಂಡರೂ ಕರಾರು ಕೆಡದಿರುವುದರಿಂದಲೇ ನಾನು ಅದನ್ನು ನಂಬಿದ್ದು.

ಆದರೆ ಕರಾರಿನ ಒಂದೊಂದು ಪದಕ್ಕೂ ನಾನು ದಂಡ ತೆತ್ತೆ. ಅಂಗಡಿಗಳ ಹೆಸರಿನ ನಡುವೆ ಬರುವ ಆಂಪರ್ಸ್ಯಾಂಡ್ (&) ಚಿಹ್ನೆಯನ್ನು ಎಸ್ಕೇಪ್ ಮಾಡದೆ, ಎಂದರೆ & ಎಂದು ಬದಲಿಸಿ ಬರೆಯದೆ ಕಳಿಸಿ ಇಡೀ ಎಕ್ಸ್‌ಎಂಎಲ್ ಮುರಿದೆ. ಅದಕ್ಕಿಂತ ದೊಡ್ಡ ತಪ್ಪು ಚೀಲದ್ದು. ನಮ್ಮಲ್ಲಿ ಭತ್ತದ ದರ ಮಾತಾಡುವುದು 75 ಕೆಜಿಯ ಚೀಲಕ್ಕೆ, ಕಾಟಾ ಕೊಡುವುದು ಕೆಜಿ ಲೆಕ್ಕ. ಲಾರಿಯೊಂದರ ತುಂಬು ತೂಕ 18,420, ಖಾಲಿ ತೂಕ 6,180, ಉಳಿದ ಭತ್ತ 12,240 ಕೆಜಿ, ಎಂದರೆ 163.2 ಚೀಲ. ಚೀಲಕ್ಕೆ 1,700 ರೂಪಾಯಿಯಂತೆ 2,77,440 ಆಗಬೇಕಿದ್ದ ಬಿಲ್ಲು, ಕೆಜಿಗೇ ಆ ದರ ಹಿಡಿದಿದ್ದರಿಂದ ಎರಡು ಕೋಟಿ ದಾಟಿತು. ‘ಏನ್ರೀ ಇದು, ಒಂದ್ ಲೋಡಿಗೆ ಎರಡ್ ಕೋಟಿನಾ?’ ಎಂದು ಮಾಲೀಕರು ಕೇಳಿದಾಗ ಒಂದು ವಾರ ಕೆಲಸ ನಿಲ್ಲಿಸಿ, ದರದ ಜೊತೆ ಅಳತೆಯನ್ನೂ ಕಡ್ಡಾಯ ಮಾಡಿದೆ.

ಇನ್ನೊಂದು ಪಾಠ ಉತ್ತರ ಓದುವುದರದು. ಕೋರಿಕೆ ತಲುಪಿತೆಂದು ಎಚ್‌ಟಿಟಿಪಿ ಹೇಳುವ ಕೋಡ್ 200 ಬಂದರೆ ವೋಚರು ಆಯಿತೆಂದು ತಿಳಿದಿದ್ದೆ. ಖಾತೆಯ ಹೆಸರು ಹೊಂದದೆ ತಿರಸ್ಕೃತವಾದ ನಲವತ್ತಕ್ಕೂ ಹೆಚ್ಚು ಚೀಟಿಗಳು ತಿಂಗಳ ಕೊನೆಗೆ ಸಿಕ್ಕವು. ಈಗ ಉತ್ತರದೊಳಗಿನ ದೋಷಗಳ ಎಣಿಕೆ ಓದದೆ ಯಾವ ಚೀಟಿಯನ್ನೂ ಮುಗಿದದ್ದೆಂದು ಗುರುತು ಹಾಕುವುದಿಲ್ಲ. ಟ್ಯಾಲಿ ಮುಚ್ಚಿದ್ದಾಗ ಚೀಟಿಗಳು ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯದಲ್ಲಿ ಸರದಿಯಲ್ಲಿ ಕಾಯುತ್ತವೆ, ಮತ್ತೆ ಕಳಿಸಿದರೂ ಎರಡು ಸಲ ದಾಖಲಾಗುವುದಿಲ್ಲ. ಅದಕ್ಕಾಗಿ ಪ್ರತಿ ಚೀಟಿಗೂ ಕಟ್ಟುವ ಗುರುತಿನ ಗುಟ್ಟನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಈ ನಡುವೆ ಟೆಲಿಗ್ರಾಂ ಆಪ್‌ನಲ್ಲಿ ಪ್ರೋಗ್ರಾಂ ತಾನೇ ಸಂದೇಶ ಕಳಿಸಲು ಬಿಡುವ ಬಾಟ್ ಎಪಿಐ ಹಿಡಿದು, ತೂಕ ಮುಗಿದ ಕೂಡಲೇ ರೈತರ ಫೋನಿಗೆ ಚೀಟಿ ಹೋಗುವಂತೆಯೂ ಮಾಡಿದೆ. ಅದಕ್ಕೆ ಖರ್ಚಿಲ್ಲ, ಸಂಜೆಯೊಂದರ ಕೆಲಸ. ಆದರೆ ಹೆಚ್ಚಿನವರ ಬಳಿ ಟೆಲಿಗ್ರಾಂ ಇಲ್ಲದ್ದರಿಂದ ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಹೊರಗಿನವರು ಸುಮಾರು ಒಂದೂವರೆ ಲಕ್ಷ ಕೇಳಿದ್ದ ಈ ಕೆಲಸ, ಹಳೆಯ ಕಂಪ್ಯೂಟರ್ ಸೇರಿ 30,000ದೊಳಗೆ ಮುಗಿದಿದೆ. ಸುಗ್ಗಿಯಲ್ಲಿ ದಿನಕ್ಕೆ ಅರವತ್ತರಷ್ಟು ಲಾರಿ ಬಂದಾಗಲೂ ನಿಲ್ಲಲಿಲ್ಲ. ಆಗದೆಂದಿದ್ದ ಲೆಕ್ಕಿಗರು ಈಗ ಸಂಜೆ ಏಳಕ್ಕೆ ಕುಳಿತು, ದೋಷ ಬಂದು ಕೆಂಪು ಬಣ್ಣದಲ್ಲಿ ಉಳಿದ ಎರಡು ಮೂರು ಚೀಟಿಗಳನ್ನಷ್ಟೇ ತಿದ್ದಿ ಮನೆಗೆ ಹೊರಡುತ್ತಾರೆ.