ಮ್ಯಾಲರಿಯ ನೈಟ್‌ಗಳನ್ನು ನಾನು ಓದಿದ ರೀತಿ: ಯಾರು ಯಾರಿಗೆ ಮಾತು ಕೊಟ್ಟರು?

ಆರ್ಥರ್ ರಾಜ, ದುಂಡು ಮೇಜು, ಮಂತ್ರವಾದಿ ಮರ್ಲಿನ್ ಇವರ ಕಥೆ ಎಲ್ಲರಿಗೂ ಅಲ್ಪಸ್ವಲ್ಪ ಗೊತ್ತು. ಆದರೆ ಆ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುವ ಥಾಮಸ್ ಮ್ಯಾಲರಿಯ ‘ಲೆ ಮಾರ್ಟ್ ಡಾರ್ಥರ್’ ಕೈಗೆತ್ತಿಕೊಂಡವರಲ್ಲಿ ಜಾಸ್ತಿ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಕಾರಣ ಸುಲಭ. ಪುಟ ತಿರುಗಿಸಿದಲ್ಲೆಲ್ಲ ಇಬ್ಬರು ನೈಟ್‌ಗಳು ಈಟಿ ಹಿಡಿದು ಕುದುರೆ ಮೇಲೆ ಎದುರಾಗುತ್ತಾರೆ, ಒಬ್ಬ ಕೆಳಗೆ ಬೀಳುತ್ತಾನೆ, ಆಮೇಲೆ ಕತ್ತಿ ಕಾಳಗ, ಆಮೇಲೆ ಇನ್ನೊಂದು ಕಾಡು, ಇನ್ನಿಬ್ಬರು ನೈಟ್‌ಗಳು. ನಾನು ಇದನ್ನು ಪೂರ್ತಿ ಓದಬೇಕು ಅಂತ ಹಟ ಹಿಡಿದದ್ದು ಕಾಳಗಕ್ಕಾಗಿ ಅಲ್ಲ, ಈ ಜನ ಮಾನ ಮಾನ ಅಂತ ಪ್ರಾಣ ಕೊಡುತ್ತಾರಲ್ಲ, ಆ ಮಾನ ನಿಂತಿರುವುದು ಯಾವುದರ ಮೇಲೆ ಅಂತ ನೋಡುವುದಕ್ಕೆ.

ವಿಲಿಯಂ ಕ್ಯಾಕ್ಸ್‌ಟನ್ 1485ರಲ್ಲಿ ಇದನ್ನು ಅಚ್ಚು ಹಾಕಿದಾಗ 21 ಪುಸ್ತಕ, 507 ಅಧ್ಯಾಯ ಅಂತ ಭಾಗ ಮಾಡಿದ. ನಾನು ಮೊದಲ ಪುಟದಿಂದ ಶುರು ಮಾಡಲಿಲ್ಲ. ಮೂರನೇ ಪುಸ್ತಕ ಓದಿದೆ, ಆಮೇಲೆ ಗ್ಯಾರೆತ್‌ನ ಕಥೆ ಇರುವ ಏಳನೆಯದು, ಆಮೇಲೆ ನೇರವಾಗಿ 18ರಿಂದ 21. ನಡುವೆ ಬರುವ, ಟ್ರಿಸ್ಟ್ರಮ್ ಅನ್ನುವ ನೈಟ್‌ನ ಭಾಗ ತುಂಬಾ ಉದ್ದ, ಅದನ್ನು ಕೊನೆಗೆ ಇಟ್ಟುಕೊಂಡೆ.

ಮೂರನೆಯದು ಯಾಕೆ ಅಂದರೆ, ದುಂಡು ಮೇಜಿನ, ಅಂದರೆ ಆರ್ಥರ್‌ನ ನೈಟ್‌ಗಳ ಬಳಗದ, ಪ್ರತಿಜ್ಞೆ ಇರುವುದು ಅಲ್ಲಿ. ಕ್ರೈಸ್ತರ ಪೆಂಟಕೋಸ್ಟ್ ಹಬ್ಬಕ್ಕೆ ಎಲ್ಲ ನೈಟ್‌ಗಳೂ ಆಣೆ ಮಾಡುತ್ತಾರೆ, ಪ್ರತಿ ವರ್ಷ ಮತ್ತೆ ಮಾಡುತ್ತಾರೆ: ಕೊಲೆ, ದೌರ್ಜನ್ಯ ಮಾಡುವುದಿಲ್ಲ, ದ್ರೋಹಕ್ಕೆ ಇಳಿಯುವುದಿಲ್ಲ, ಶರಣು ಅಂದವನನ್ನು ಕೊಲ್ಲುವುದಿಲ್ಲ, ಹೆಂಗಸರಿಗೆ ನೆರವಾಗುತ್ತೇವೆ, ದುಡ್ಡು ಆಸ್ತಿ ಸಿಗುತ್ತದೆ ಅಂತ ನ್ಯಾಯವಿಲ್ಲದ ಜಗಳಕ್ಕೆ ಕತ್ತಿ ಎತ್ತುವುದಿಲ್ಲ. ಓದಿದರೆ ದೊಡ್ಡ ಆದರ್ಶದ ಹಾಗೆ ಕಾಣುತ್ತದೆ. ಆದರೆ ಇದಕ್ಕೆ ಸ್ವಲ್ಪ ಮುಂಚೆ ಏನಾಯಿತು ನೋಡಿ. ಆರ್ಥರ್‌ನ ಸೋದರಳಿಯ ಗವೇನ್ ತನ್ನ ಬೇಟೆನಾಯಿಗಳನ್ನು ಕೊಂದ ನೈಟ್ ಒಬ್ಬನನ್ನು ಕೆಡವುತ್ತಾನೆ. ಅವನು ಪ್ರಾಣಭಿಕ್ಷೆ ಕೇಳುತ್ತಾನೆ, ಗವೇನ್ ಒಪ್ಪುವುದಿಲ್ಲ. ಕತ್ತಿ ಬೀಸುವಾಗ ಬಿದ್ದವನ ಪ್ರೇಯಸಿ ಓಡಿ ಬಂದು ಮೇಲೆ ಬೀಳುತ್ತಾಳೆ, ಅವಳ ತಲೆ ಹಾರಿಹೋಗುತ್ತದೆ. ಆ ತಲೆಯನ್ನು ಕೊರಳಿಗೆ ತೂಗುಹಾಕಿಕೊಂಡು, ದೇಹವನ್ನು ಕುದುರೆಯ ಮೇಲೆ ತನ್ನ ಮುಂದೆ ಇಟ್ಟುಕೊಂಡು ಗವೇನ್ ಅರಮನೆಗೆ ಬರಬೇಕಾಗುತ್ತದೆ. ಅದೇ ಹೊತ್ತಿನಲ್ಲಿ ಪೆಲಿನೋರ್ ರಾಜ ತನ್ನ ಕೆಲಸದ ಅವಸರದಲ್ಲಿ, ದಾರಿಬದಿಯಲ್ಲಿ ಗಾಯಗೊಂಡವನನ್ನು ಹಿಡಿದುಕೊಂಡು ಸಹಾಯ ಕೇಳುವ ಹುಡುಗಿಯನ್ನು ದಾಟಿಕೊಂಡು ಹೋಗುತ್ತಾನೆ. ಅವಳು ಸಾಯುತ್ತಾಳೆ. ಅವಳು ತನ್ನ ಮಗಳೇ ಅಂತ ಆಮೇಲೆ ಮರ್ಲಿನ್‌ನಿಂದ ಗೊತ್ತಾಗುತ್ತದೆ. ಇವೆಲ್ಲ ಆದ ಮೇಲೆ ಪ್ರತಿಜ್ಞೆ ಬರುತ್ತದೆ. ಅಂದರೆ ಅದರ ಸಾಲುಗಳ ಹಿಂದೆ ಹೆಣಗಳಿವೆ.

ಇಲ್ಲಿಂದ ನನ್ನ ಓದುವ ರೀತಿ ಗಟ್ಟಿಯಾಯಿತು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿದೆ: ಮಾತು ಕೊಟ್ಟವರು ಯಾರು, ಯಾರಿಗೆ, ನೋಡಿದವರು ಯಾರು, ಕೊನೆಗೆ ಆ ಮಾತು ಏನಾಯಿತು. ಕಾಳಗ ಬಂದಾಗ ಏಟುಗಳನ್ನು ಎಣಿಸುತ್ತಾ ಕೂರದೆ, ಅದು ಮುಗಿದದ್ದು ಹೇಗೆ, ಶರಣು ಅಂದವನಿಗೆ ಏನಾಯಿತು ಅಂತ ಮಾತ್ರ ಬರೆದುಕೊಂಡೆ. ಹೀಗೆ ಓದಿದರೆ ಬೇಜಾರು ಅನಿಸುತ್ತಿದ್ದ ಪುಟಗಳೂ ಸರಸರ ಓಡುತ್ತವೆ.

ಇನ್ನೊಂದು ಕೆಲಸ ಮಾಡಿದೆ, ಇದನ್ನು ಎಲ್ಲರಿಗೂ ಹೇಳುತ್ತೇನೆ: ಎರಡು ಪಠ್ಯ ಪಕ್ಕಪಕ್ಕ ಇಟ್ಟುಕೊಳ್ಳಿ. 1934ರಲ್ಲಿ ವಿಂಚೆಸ್ಟರ್ ಕಾಲೇಜಿನಲ್ಲಿ ವಾಲ್ಟರ್ ಓಕ್‌ಶಾಟ್ ಅವರಿಗೆ ಇದರ ಕೈಬರಹದ ಪ್ರತಿ ಸಿಕ್ಕಿತು. ಅದರಲ್ಲಿ ನೈಟ್‌ಗಳ ಹೆಸರೆಲ್ಲ ಕೆಂಪು ಶಾಯಿಯಲ್ಲಿವೆ. ಯೂಜೀನ್ ವಿನಾವರ್ 1947ರಲ್ಲಿ ಆ ಪ್ರತಿಯ ಆಧಾರದ ಮೇಲೆ ಆವೃತ್ತಿ ತಂದರು. ಕ್ಯಾಕ್ಸ್‌ಟನ್ ಅಚ್ಚಿನ ಪ್ರತಿಜ್ಞೆಯಲ್ಲಿ ಹೆಂಗಸರಿಗೆ ನೆರವಾಗಬೇಕು, ತಪ್ಪಿದರೆ ಮರಣದಂಡನೆ ಅಂತಷ್ಟೇ ಇದೆ. ಕೈಬರಹದಲ್ಲಿ ವಿಧವೆಯರೂ ಸೇರಿದ್ದಾರೆ, ಅವರ ಹಕ್ಕಿನ ಪರ ನಿಲ್ಲಬೇಕು ಅಂತಿದೆ, ಅವರ ಮೇಲೆ ಬಲಾತ್ಕಾರ ಮಾಡಕೂಡದು ಅಂತ ಸ್ಪಷ್ಟವಾಗಿ ಇದೆ. ಈ ಒಂದು ಸಾಲು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಯಾಕೆಂದರೆ ಹೆಚ್ಚಿನ ವಿದ್ವಾಂಸರು ಗುರುತಿಸುವ ಆ ಮ್ಯಾಲರಿ, ವಾರಿಕ್‌ಶೈರಿನವನು, ದರೋಡೆ, ಹೊಂಚುಹಾಕಿ ಕೊಲೆ ಯತ್ನ, ಅತ್ಯಾಚಾರ ಇಂಥ ಆರೋಪಗಳನ್ನೇ ಹೊತ್ತು ಜೈಲು ಸೇರಿದವನು. ಪುಸ್ತಕ ಮುಗಿದದ್ದು 1469–70ರಲ್ಲಿ, ತನ್ನ ಬಿಡುಗಡೆಗೆ ಪ್ರಾರ್ಥಿಸಿ ಅಂತ ಕೊನೆಯಲ್ಲಿ ಓದುಗರನ್ನೇ ಕೇಳಿಕೊಂಡಿದ್ದಾನೆ. ಹೊರಗೆ ಆಗ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕೆ ಎರಡು ಮನೆತನಗಳು ಹೊಡೆದಾಡುತ್ತಿದ್ದವು. ಇವತ್ತು ಇವನ ಕಡೆ, ನಾಳೆ ಅವನ ಕಡೆ ಅನ್ನುವ ಕಾಲ ಅದು. ಅಂಥ ಮನುಷ್ಯ, ಕೊಟ್ಟ ಮಾತು ಅನ್ನುವುದರ ಬಗ್ಗೆ ಇಷ್ಟು ದೊಡ್ಡ ಪುಸ್ತಕ ಬರೆದದ್ದು ನನಗೆ ಸುಮ್ನೆ ಅನಿಸುವುದಿಲ್ಲ.

ಇಡೀ ಓದಿನಲ್ಲಿ ನಾನು ಜಾಸ್ತಿ ಸಲ ತಿರುಗಿ ನೋಡಿದ್ದು 19ನೇ ಪುಸ್ತಕದಲ್ಲಿ ಬರುವ, ಮೆಲಿಯಗಾಂಟ್ ಅನ್ನುವ ನೈಟ್‌ನ ಪ್ರಸಂಗ. ಆರ್ಥರ್‌ನ ಹೆಂಡತಿ, ರಾಣಿ ಗ್ವಿನಿವಿಯರ್‌ಳ ಹಾಸಿಗೆಯಲ್ಲಿ ರಕ್ತ ಇದೆ. ಅದು ಅವಳ ಗುಟ್ಟಿನ ಪ್ರೇಮಿ, ದುಂಡು ಮೇಜಿನ ನೈಟ್ ಲಾನ್ಸಲಾಟ್‌ನದು, ರಾತ್ರಿ ಕಿಟಕಿಯ ಕಬ್ಬಿಣದ ಸರಳು ಕಿತ್ತು ಒಳಗೆ ಬರುವಾಗ ಕೈ ಕೊಯ್ದಿತ್ತು. ಆದರೆ ಅಲ್ಲೇ ಹತ್ತಿರ ಮಲಗಿದ್ದ ಗಾಯಾಳು ನೈಟ್‌ಗಳಲ್ಲಿ ಒಬ್ಬ ರಾಣಿಯ ಜೊತೆ ಇದ್ದ ಅಂತ ಮೆಲಿಯಗಾಂಟ್ ದೂರುತ್ತಾನೆ. ಅದು ಸುಳ್ಳು ಅಂತ ಲಾನ್ಸಲಾಟ್ ಕಾಳಗಕ್ಕೆ ನಿಲ್ಲುತ್ತಾನೆ. ವಕೀಲಿ ಮಾಡುವ ಗೆಳೆಯನಿಗೆ ಇದನ್ನು ಓದಿ ಹೇಳಿದಾಗ ಅವನು ತಕ್ಷಣ, “ಆರೋಪದ ಒಕ್ಕಣೆಯೇ ತಪ್ಪು ಮಾರಾಯ, ಲಾನ್ಸಲಾಟ್ ಹೇಳಿದ್ದು ಅಕ್ಷರಶಃ ನಿಜ ಅಲ್ವಾ” ಅಂದ. ಹೌದು, ಅಕ್ಷರ ನಿಜ, ವಿಷಯ ಸುಳ್ಳು. ಕಾಳಗದಲ್ಲಿ ಮೆಲಿಯಗಾಂಟ್ ಬಿದ್ದು ಶರಣು ಅನ್ನುತ್ತಾನೆ. ಪ್ರತಿಜ್ಞೆಯ ಪ್ರಕಾರ ಬಿಡಬೇಕು. ಲಾನ್ಸಲಾಟ್ ರಾಣಿಯ ಕಡೆ ನೋಡುತ್ತಾನೆ, ಅವಳು ತಲೆಯಾಡಿಸಿ ಕೊಲ್ಲು ಅಂತ ಸನ್ನೆ ಮಾಡುತ್ತಾಳೆ. ಆಗ ಅವನು ಹುಡುಕಿಕೊಂಡ ದಾರಿ ನೋಡಿ: ನಾನು ಶಿರಸ್ತ್ರಾಣ ತೆಗೆಯುತ್ತೇನೆ, ಎಡಭಾಗದ ಕವಚ ಬಿಚ್ಚುತ್ತೇನೆ, ಎಡಗೈ ಬೆನ್ನಿಗೆ ಕಟ್ಟಿಸಿಕೊಳ್ಳುತ್ತೇನೆ, ಎದ್ದು ಹೋರಾಡು ಅನ್ನುತ್ತಾನೆ. ಎದುರಿನವನು ಆಸೆಗೆ ಬಿದ್ದು ಏಳುತ್ತಾನೆ, ತಲೆ ಸೀಳಿಹೋಗುತ್ತದೆ. ಪ್ರತಿಜ್ಞೆಯೂ ಮುರಿಯಲಿಲ್ಲ, ರಾಣಿಯ ಮಾತೂ ನಡೆಯಿತು. ನಾಲ್ಕನೇ ಕಾಲಂನಲ್ಲಿ ಏನು ಬರೆಯಬೇಕೋ ತಿಳಿಯದೆ ನಾನು ಎರಡನ್ನೂ ಬರೆದೆ.

ಮುಂದೆ ಲಾನ್ಸಲಾಟ್ ಜೊತೆ ಸಿಕ್ಕಿಬಿದ್ದ ರಾಣಿಯನ್ನು ಶಿಕ್ಷೆಯಾಗಿ ಸುಡುವ ದಿನ, ಗವೇನ್‌ನ ತಮ್ಮಂದಿರಾದ ಗ್ಯಾರೆತ್ ಮತ್ತು ಗಹೆರಿಸ್ ರಾಜನ ಆಜ್ಞೆ ಮೀರಲಾರದೆ ಅಲ್ಲಿಗೆ ಹೋಗುತ್ತಾರೆ, ಆದರೆ ಇಷ್ಟವಿಲ್ಲ ಅಂತ ಆಯುಧ ಹಿಡಿಯದೆ ನಿಲ್ಲುತ್ತಾರೆ. ರಾಣಿಯನ್ನು ಬಿಡಿಸಲು ಬಂದ ಲಾನ್ಸಲಾಟ್ ಗುಂಪಿನಲ್ಲಿ ಗುರುತು ಸಿಗದೆ ಇಬ್ಬರನ್ನೂ ಕೊಲ್ಲುತ್ತಾನೆ. ಗ್ಯಾರೆತ್‌ಗೆ ನೈಟ್ ಪದವಿ ಕೊಟ್ಟವನೇ ಅವನು. ಗವೇನ್ ತಮ್ಮಂದಿರ ಸೇಡಿಗೆ ಆಣೆ ಮಾಡುತ್ತಾನೆ, ಅಲ್ಲಿಗೆ ದುಂಡು ಮೇಜು ಒಡೆಯಿತು. ಭೀಷ್ಮನ ಕಥೆ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಮನೆ ಮುರಿಯುವುದು ಮಾತು ತಪ್ಪಿದವರಿಂದ ಮಾತ್ರ ಅಲ್ಲ. ರಾಜನಿಗೆ ಒಂದು ಮಾತು, ಪ್ರೀತಿಸಿದವಳಿಗೆ ಒಂದು, ರಕ್ತಸಂಬಂಧಕ್ಕೆ ಒಂದು ಅಂತ ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹೊರಟವರಿಂದಲೂ ಹೌದು.

ಇಂಗ್ಲಿಷ್ ಹಳೆಯದು, ಅದಕ್ಕೆ ಹೆದರಬೇಡಿ. ಗಟ್ಟಿಯಾಗಿ ಓದಿದರೆ ಮುಕ್ಕಾಲು ಪಾಲು ಕಿವಿಗೇ ತಿಳಿಯುತ್ತದೆ. ಹೆಲೆನ್ ಕೂಪರ್ ಅವರ ಆವೃತ್ತಿಯಲ್ಲಿ ಕೈಬರಹದ ಪಠ್ಯವೇ ಇದೆ, ಕಾಗುಣಿತ ಮಾತ್ರ ಈಗಿನದು, ಆದರೆ ಸ್ವಲ್ಪ ಸಂಕ್ಷಿಪ್ತ. ಈಗ ನಾನು ಬಿಟ್ಟಿದ್ದ ಟ್ರಿಸ್ಟ್ರಮ್ ಭಾಗಕ್ಕೆ ಬಂದಿದ್ದೇನೆ. ಅಲ್ಲಿ ಪಾಲೊಮಿಡೀಸ್ ಅಂತ ಒಬ್ಬ ಸರಸೆನ್ (ಆಗ ಯುರೋಪಿನವರು ಮುಸ್ಲಿಮರನ್ನು ಕರೆಯುತ್ತಿದ್ದ ಹೆಸರು) ನೈಟ್ ಇದ್ದಾನೆ. ಏಳು ಕಾಳಗ ಮುಗಿಸುವ ತನಕ ಕ್ರೈಸ್ತ ದೀಕ್ಷೆ ತೆಗೆದುಕೊಳ್ಳುವುದಿಲ್ಲ ಅಂತ ಅವನ ವ್ರತ. ಈ ಸಲ ಮೂರನೇ ಕಾಲಂನಲ್ಲೇ ಸಿಕ್ಕಿಕೊಂಡಿದ್ದೇನೆ, ಅವನು ಆ ಮಾತು ಕೊಟ್ಟದ್ದು ತನಗೆ ತಾನೇ.