ಹರಟೆಯ ಗುಂಪಿನಲ್ಲೇ ಮಿಡಿ ಮಾರಿದೆ

ಮಾವಿನ ಮಿಡಿಗೆ ಉಪ್ಪು ಹಾಕುವುದನ್ನೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯನ್ನೂ ಇಲ್ಲಿ ವಿವರಿಸುವುದಿಲ್ಲ. ಗೃಹೋದ್ಯಮ ನಡೆಸುವವರಿಗೆ ಅವೆಲ್ಲ ಗೊತ್ತು. ಶಿರಸಿ ಕಡೆಯ ನನ್ನ ಅಪ್ಪೆಮಿಡಿ ಉಪ್ಪಿನಕಾಯಿಗೆ ಹೆಸರು ಬಂದದ್ದು ವಾಟ್ಸ್‌ಆ್ಯಪ್ ಗುಂಪಿನಿಂದ. "ಹರಟೆ ಹೊಡೆದರೆ ಡಬ್ಬಿ ಖಾಲಿಯಾಗುತ್ತದೆಯೇ ಮಾರಾಯ್ತಿ?" ಎಂದು ನಕ್ಕಿದ್ದ ಭಾವ ಈಗ ತಮ್ಮ ಜೇನುತುಪ್ಪಕ್ಕೂ ಒಂದು ಗುಂಪು ಕಟ್ಟಿಕೊಡು ಎನ್ನುತ್ತಿದ್ದಾರೆ.

ಮೊದಲು ದುಡ್ಡು ಹೋದ ದಾರಿ. ಫೇಸ್‌ಬುಕ್ ಜಾಹೀರಾತಿಗೆ ಎಂಟೊಂಬತ್ತು ಸಾವಿರ ಸುರಿದೆ. ಲೈಕುಗಳ ರಾಶಿ ಬಿತ್ತು, ಬೇಡಿಕೆ ಬೆರಳೆಣಿಕೆ. ಲೇಬಲ್ಲಿನ ಚಿತ್ರಕ್ಕೆ ಮತ್ತೆ ಐದು ಸಾವಿರ. ಆಮೇಲೆ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ನಲ್ಲಿ, ಅಂದರೆ ಒಂದೇ ಸಂದೇಶ ಹಲವರಿಗೆ ಬೇರೆಬೇರೆಯಾಗಿ ಹೋಗುವ ಪಟ್ಟಿಯಲ್ಲಿ, ಬೆಲೆ ಕಳುಹಿಸಿದೆ. ಒಂದು ಪಟ್ಟಿಗೆ ಹೆಚ್ಚೆಂದರೆ 256 ಜನ. ಅವರಲ್ಲೂ ನಮ್ಮ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಒಂದು ಡಬ್ಬಿ ಕೊಂಡವರು ನಂಬರನ್ನೇಕೆ ಉಳಿಸಿಕೊಳ್ಳಬೇಕು?

ಕೊಂಡವರ ಒಪ್ಪಿಗೆ ಕೇಳಿ ಗುಂಪು ಮಾಡಿದೆ. ಅಲ್ಲಿ ಬೆಲೆ ಬರೆಯಲೇ ಇಲ್ಲ. ಮರ ಹೂ ಬಿಟ್ಟದ್ದು, ಮೋಡಕ್ಕೆ ಹೂ ಕರಗಿದ್ದು, ಮಿಡಿಯನ್ನು ತೊಟ್ಟು ಸಹಿತ ಇಳಿಸಿದ್ದು, ಕೊಯ್ಯುವವನ ಕೈಗೆ ಸೊನೆ ತಾಗಿದ್ದು, ಇವೇ ಸುದ್ದಿ. ಇಡೀ ಒಂದು ಹಂಗಾಮು ಹೀಗೇ ಕಳೆಯಿತು. ಮಾರಾಟ ಏಳೋ ಎಂಟೋ ಕೆಜಿ.

ಗಾಳಿ ತಿರುಗಿದ್ದು ಒಂದು ದೂರಿನಿಂದ. ಬೆಂಗಳೂರಿನವರೊಬ್ಬರು ಉಪ್ಪಿನಕಾಯಿಯ ಮೇಲೆ ಬಿಳಿ ಪದರ ಕಟ್ಟಿದ ಫೋಟೊವನ್ನು ಗುಂಪಿನಲ್ಲೇ ಹಾಕಿ, "ಎಣ್ಣೆಯೂ ಇಲ್ಲ, ಹಾಳಾಗಿದೆ" ಎಂದರು. ಪರಿಚಯದ ವ್ಯಾಪಾರಿಗಳೆಲ್ಲ ಅಳಿಸಿಬಿಡು ಎಂದರು. ನಾನು ಅಳಿಸಲಿಲ್ಲ, ಬೇರೆ ಡಬ್ಬಿ ಕಳುಹಿಸುತ್ತೇನೆ ಎಂದಷ್ಟೇ ಬರೆದು ಸುಮ್ಮನಾದೆ. ಸಂಜೆಯೊಳಗೆ ಸಾಗರದ ಅಜ್ಜಿಯೊಬ್ಬರು, ಹುಬ್ಬಳ್ಳಿಯ ಶಿಕ್ಷಕಿಯೊಬ್ಬರು ಉತ್ತರಿಸಿದ್ದರು: ಮಲೆನಾಡಿನ ಮಿಡಿ ಉಪ್ಪುನೀರಿನಲ್ಲೇ ನಿಲ್ಲುತ್ತದೆ, ಎಣ್ಣೆ ಬೇಡ, ಒದ್ದೆ ಚಮಚ ಹಾಕಿದಿರೇನೋ ನೋಡಿ. ಇದೇ ಮಾತನ್ನು ನಾನು ಹೇಳಿದ್ದರೆ ವ್ಯಾಪಾರಿಯ ಸಬೂಬು ಎನಿಸುತ್ತಿತ್ತು. ಆ ವಾರದ ಬೇಡಿಕೆ ಜಾಹೀರಾತಿನಿಂದ ಬಂದ ಒಟ್ಟು ಬೇಡಿಕೆಯನ್ನು ಮೀರಿಸಿತು. ದೂರು ಕೊಟ್ಟವರೇ ಈಗ ತಮ್ಮ ಅಪಾರ್ಟ್‌ಮೆಂಟಿನ ಹತ್ತಾರು ಮನೆಗಳ ಪಟ್ಟಿ ಕಳುಹಿಸುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಎರಡು ಮರಗಳ ಮಿಡಿಯನ್ನು ಹೆಸರು ಬರೆಯದ ಪುಟ್ಟ ಡಬ್ಬಿಗಳಲ್ಲಿ ತುಂಬಿ ಕೆಲವರಿಗೆ ಪುಕ್ಕಟೆ ಕಳುಹಿಸಿದೆ. ಎರಡರಲ್ಲಿ ಜೀರಿಗೆ ಪರಿಮಳದ ಮಿಡಿಯೇ ಗೆಲ್ಲುತ್ತದೆ ಎಂದು ನನ್ನ ಲೆಕ್ಕ. ಗುಂಪು ಎರಡು ಪಕ್ಷವಾಗಿ ವಾರವಿಡೀ ಜಗಳವಾಡಿತು! ಮೂರು ಸಾವಿರದಷ್ಟು ಕೈಬಿಟ್ಟಿತು, ಆದರೆ ಅಂದಿನಿಂದ ಜನ ಮರದ ಹೆಸರು ಕೇಳಿ ಕೊಳ್ಳುತ್ತಾರೆ. ಐದು ಸಾವಿರದ ಚಿತ್ರ ತೆಗೆದು ಲೇಬಲ್ಲಿಗೆ ಮರದ ಹೆಸರನ್ನೇ ಹಾಕಿದೆ.

ಈಗ ಹಂಗಾಮಿಗೆ ಸುಮಾರು ನಾಲ್ಕು ಕ್ವಿಂಟಲ್ ಹೋಗುತ್ತದೆ, ಮುಕ್ಕಾಲು ಪಾಲು ಗುಂಪಿನವರಿಗೇ. ಕೊಂಡವರು ನಂಬರ್ ಉಳಿಸಿಕೊಳ್ಳುವಂತೆ ಮುಚ್ಚಳದ ಮೇಲೆ ಏನು ಬರೆಯುತ್ತೇನೆ ಎಂಬುದನ್ನೂ ಸಾಸಿವೆಯ ಪ್ರಮಾಣವನ್ನೂ ಮಾತ್ರ ಕೇಳಬೇಡಿ. ಕೊರಿಯರಿನಲ್ಲಿ ಸೋರುವುದು ಇನ್ನೂ ಪೂರ್ತಿ ನಿಂತಿಲ್ಲ. ನೂರಕ್ಕೆ ನಾಲ್ಕೈದು ಡಬ್ಬಿ ಬದಲಿಸಿಕೊಡುತ್ತೇನೆ. ಆ ಖರ್ಚನ್ನು ಬೆಲೆಯಲ್ಲೇ ಸೇರಿಸಿದ್ದೇನೆ, ಗುಂಪಿನಲ್ಲಿ ಹಾಗೆಂದು ಹೇಳಿಯೂ ಇದ್ದೇನೆ.